ಮೋಟು ತೋಟಾದ ಹಾರ್ಲನ್

ಒಹಾಯೊದ ಆ ಬೀದಿಯಲ್ಲಿ ಉಳಿದವರೆಲ್ಲ ಹಿತ್ತಿಲಲ್ಲಿ ತೋಟ ಮಾಡಿದರೆ, ಹಾರ್ಲನ್ ವಾಸ್ ನೆಲಮಾಳಿಗೆಯಲ್ಲಿ ಬಂದೂಕಿನ ತೋಟಾ ಮಾಡುತ್ತಾನೆ. ಮನೆಯಲ್ಲಿರುವುದು ಅವನ ಮಾವನ ಕಾಲದ ಜೋಡಿನಳಿಗೆ ಬಂದೂಕು. ಅದಕ್ಕೆ ಹಿಡಿಸುವ ಮೋಟು ತೋಟಾ ಈಗ ಊರಿನ ಯಾವ ಅಂಗಡಿಯಲ್ಲೂ ಸಿಗದು. "ಗೋಡೆಗೆ ತೂಗುಹಾಕಯ್ಯ, ಚೆಂದ ಕಾಣುತ್ತೆ" ಎಂದು ಶೂಟಿಂಗ್ ಕ್ಲಬ್ಬಿನ ಮರ್ಲ್ ಹೇಳಿದರೆ, "ನಿನ್ನನ್ನೂ ತೂಗುಹಾಕಬಹುದು, ಚೆಂದ ಕಾಣಲ್ಲ ಅಷ್ಟೆ" ಎನ್ನುತ್ತಾನೆ. ತೋಟಾ ತುಂಬುವ ಅವನ ಯಂತ್ರ ಉದ್ದನೆಯವಕ್ಕೆಂದೇ ಹುಟ್ಟಿದ್ದು; ಮೋಟಾದದ್ದನ್ನು ಇಟ್ಟರೆ ತೋಟಾದ ಬಾಯಿ ಮಡಿಸಿ ಮುಚ್ಚುವ ಅಚ್ಚು ಅದನ್ನು ಮುಟ್ಟುವುದೇ ಇಲ್ಲ. ಅದಕ್ಕೇ ಕುಳ್ಳ ಮದುಮಗಳನ್ನು ಮಣೆಯ ಮೇಲೆ ನಿಲ್ಲಿಸುವಂತೆ ತೋಟಾದ ಕೆಳಗೆ ಒಂದು ಮರದ ಬಿಲ್ಲೆ ಇಡುತ್ತಾನೆ. ಬಿಲ್ಲೆ ದಪ್ಪವಾದರೆ ತೋಟಾ ಅಪ್ಪಚ್ಚಿ. ತೆಳುವಾದರೆ ಬಾಯಿ ಮುಚ್ಚದೆ, ಸೀಸದ ಗುಂಡುಗಳು ಹೆಂಡತಿ ಡೋರೀನಳ ಚಪ್ಪಲಿಯಲ್ಲಿ ಸಿಗುತ್ತವೆ. ಆಗ ಮತ್ತೊಂದು ಬಿಲ್ಲೆಯನ್ನು ಉಜ್ಜಿ ಅಳತೆಗೆ ತರಲು ಕೂರುತ್ತಾನೆ. ಸಿಡಿಮದ್ದಿನ ತೂಕದಲ್ಲಿ ಮಾತ್ರ ತೋಟಾ ತುಂಬುವ ಪುಸ್ತಕ ಹಾಕಿದ ಗೆರೆ ದಾಟನು. ಹಠವೆಲ್ಲ ಬಿಲ್ಲೆಯ ಮೇಲೆಯೇ. "ಹೊಸ ಬಂದೂಕು ತಗೊಂಡ್ರೆ ಆಗಲ್ವ ಅಪ್ಪ?" ಎಂದು ಮಗಳು ಕೇಳಿದರೆ, "ಬಂದೂಕು ಸರಿಯಾಗೇ ಇದೆ ಕಣಮ್ಮ, ಕಂಪನಿಯೋರೇ ಉದ್ದ ಆಗ್ಬಿಟ್ಟಿದ್ದಾರೆ." ಇಷ್ಟೆಲ್ಲ ಮಾಡುವ ಹಾರ್ಲನ್ ಜನ್ಮದಲ್ಲಿ ಒಂದು ಗುಂಡೂ ಹಾರಿಸಿದವನಲ್ಲ, ಸದ್ದಿಗೇ ಬೆಚ್ಚುತ್ತಾನೆ. ಭಾನುವಾರ ಕ್ಲಬ್ಬಿನಲ್ಲಿ ಕಿವಿ ಮುಚ್ಚಿಕೊಂಡು ಹಿಂದೆ ನಿಲ್ಲುತ್ತಾನೆ. ಮುಂದೆ ನಿಂತವಳು ಡೋರೀನ್. ಅವಳ ಭುಜದ ಆಪರೇಷನ್ ಆಯಿತು, ಇನ್ನು ಬಂದೂಕು ಸಾಕು ಎಂದು ಡಾಕ್ಟರು, ಮಗಳು, ಮರ್ಲ್ ಸೇರಿ ತೀರ್ಮಾನಿಸಿದ್ದರು. ಆಕೆ ತನ್ನ ಅಪ್ಪನ ಆ ಬಂದೂಕನ್ನು ಅದೇ ಭುಜಕ್ಕೆ ಆನಿಸಿ, ಗುರಿಗೆಂದು ಹಾರಿಬಿಟ್ಟ ಮಣ್ಣಿನ ತಟ್ಟೆಯನ್ನು ಪುಡಿ ಮಾಡುತ್ತಾಳೆ. "ಭುಜಕ್ಕೆ ಒದೀತಾ?" ಎಂದು ಹಾರ್ಲನ್ ಮೆಲ್ಲಗೆ ಕೇಳುತ್ತಾನೆ. "ಮಗು ಒದ್ದ ಹಾಗೆ" ಎನ್ನುವ ಡೋರೀನ್, ತಿರುಗಿಯೂ ನೋಡದೆ ಇನ್ನೊಂದು ಮೋಟು ತೋಟಾಕ್ಕೆ ಕೈಯೊಡ್ಡುತ್ತಾಳೆ.