ಹದಿನಾರು ಸಲ ಬಂದ ಪಲ್ಲವಿ

ಕಳೆದ ಶನಿವಾರ ನಾನು ಎಪ್ಪತ್ತನಾಲ್ಕು ವರ್ಷದ ಒಬ್ಬ ಹೆಂಗಸಿಗೆ ಮರೆವಿನ ಕಾಯಿಲೆ ತರಿಸಿದೆ. ಬರೀ ಎಂಟರ್ ಕೀ ಒತ್ತಿ.

ಗಾಬರಿಯಾಗಬೇಡಿ. ಈಗ ಅವರು ಗುಣವಾಗಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಅವರ ಹೆಸರು ಗಿರಿಜಕ್ಕ. ಆಂಟಾಪ್ ಹಿಲ್‌ನ ನಮ್ಮ ಭಜನಾ ಮಂಡಳಿಗೆ ಹಿರಿಯರು. ಊರು ಉಡುಪಿ ಕಡೆ. ಗಂಡ ಫೋರ್ಟ್‌ನ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿದ್ದವರು. ಮೂವತ್ತು ವರ್ಷದಿಂದ ಪ್ರತಿ ಶನಿವಾರ ಸಂಜೆ ಗಿರಿಜಕ್ಕ ತಾಳ ಹಿಡಿದು ಹಾಡು ಎತ್ತಿಕೊಡುವುದು, ನಾವು ಹನ್ನೆರಡು ಮಂದಿ ದನಿಗೂಡಿಸುವುದು. ಅವರಿಗೆ ಪುಸ್ತಕ ಬೇಡ. ಕಣ್ಣು ಮುಚ್ಚಿದರೆ ಸಾಲುಗಳು ತಾವಾಗಿ ಬರುತ್ತವೆ.

ನಮಗೆ ಪುಸ್ತಕ ಬೇಕು. ಆದರೆ ನಮ್ಮ ಭಜನೆ ಪುಸ್ತಕದ ಅವಸ್ಥೆ ಕೇಳಬೇಡಿ. ಅರ್ಧ ಪುಟಗಳಲ್ಲಿ ಅಕ್ಷರಕ್ಕಿಂತ ಎಣ್ಣೆ ಕಲೆಯೇ ಜಾಸ್ತಿ. ನಾನು ಸುಮ್ಮನಿರಬೇಕಲ್ಲ? ಇಡೀ ಪುಸ್ತಕವನ್ನು ಟೈಪ್ ಮಾಡಿ ಮಂಡಳಿಯ ವೆಬ್‌ಸೈಟಿಗೆ ಏರಿಸಿದೆ. "ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಇನ್ನು ಪುಸ್ತಕ ಯಾಕೆ?" ಎಂದು ಭಾಷಣ ಬಿಗಿದು, ಹಳೆಯ ಪ್ರತಿಗಳನ್ನು ಗಂಟು ಕಟ್ಟಿ ನಮ್ಮ ಮನೆಯ ಅಟ್ಟಕ್ಕೆ, ಅಂದರೆ ಲಾಫ್ಟಿಗೆ, ಹಾಕಿಸಿದೆ. (ಯಾರನ್ನೂ ಕೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.)

ಶನಿವಾರ ಮೊಬೈಲ್ ಭಜನೆಯ ಉದ್ಘಾಟನೆ. ಗಿರಿಜಕ್ಕ ಕಣ್ಣು ಮುಚ್ಚಿ ಪಲ್ಲವಿ ಎತ್ತಿದರು. ನಾವು ಮೊಬೈಲ್ ಎತ್ತಿದೆವು. ಮೊದಲ ಚರಣದ ಮೊದಲ ಸಾಲು ಮುಗಿಯಿತು. ಅದರ ಕೆಳಗೆ ಎರಡು ಬೆರಳಷ್ಟು ಖಾಲಿ ಜಾಗ. ನಮ್ಮ ಹಳೆಯ ಪುಸ್ತಕದಲ್ಲಿ ಖಾಲಿ ಜಾಗ ಬಂತೆಂದರೆ ಚರಣ ಮುಗಿಯಿತು, ಪಲ್ಲವಿಗೆ ಮರಳಬೇಕು ಎಂದರ್ಥ. ರೂಢಿ ಬಿಡುತ್ತದೆಯೇ? ಹನ್ನೆರಡೂ ಮಂದಿ ಪಲ್ಲವಿಗೆ ಹಾರಿದೆವು. ಗಿರಿಜಕ್ಕ ಒಬ್ಬರೇ ಎರಡನೆಯ ಸಾಲಿಗೆ ಹೋದರು.

ಅವರು ಕಣ್ಣು ತೆರೆದು ನಮ್ಮನ್ನು ನೋಡಿದರು. ತಡವರಿಸಿ ಪಲ್ಲವಿಗೆ ಬಂದು ಸೇರಿಕೊಂಡರು. ಮುಂದಿನ ಸಾಲಿಗೆ ಮತ್ತೆ ಅದೇ ಕಥೆ. ನಾಲ್ಕು ಚರಣ, ಚರಣಕ್ಕೆ ನಾಲ್ಕು ಸಾಲು. ನಾಲ್ಕು ಸಲ ಮರಳಬೇಕಿದ್ದ ಪಲ್ಲವಿ ಹದಿನಾರು ಸಲ ಮರಳಿತು. ಪಕ್ಕದಲ್ಲಿದ್ದ ವಿಜಯಪುರದ ಕಮಲವ್ವ ನನ್ನ ಕಿವಿಯಲ್ಲಿ, "ಏನ್ರಿ ಇದು, ಇವತ್ತ ಹಾಡ ಮುಗಿಯೂದ ಇಲ್ಲೇನು?" ಅಂದರು. (ಅಂದವರೇ ಮತ್ತೆ ಪಲ್ಲವಿ ಹಾಡಿದರು.)

ನಮಗ್ಯಾರಿಗೂ ನಮ್ಮ ಮೇಲೆ ಅನುಮಾನ ಬರಲಿಲ್ಲ. ಎಡವುತ್ತಿದ್ದವರು ಗಿರಿಜಕ್ಕ ತಾನೇ? ಪಾಪ, ವಯಸ್ಸಾಯಿತು ಅಂದುಕೊಂಡೆವು. ಹಾಡು ಮುಗಿದ ಮೇಲೆ ಅವರು ತಾಳವನ್ನು ಚಾಪೆಯ ಮೇಲಿಟ್ಟರು. ಆ ಸಂಜೆ ಮತ್ತೆ ಅದನ್ನು ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಅವರ ಫೋನ್ ಬಂತು.

"ನನಗೆ ಮರೆವು ಸುರುವಾಗಿದೆ ಮಾರಾಯ್ತಿ. ಹನ್ನೆರಡು ಜನಕ್ಕೆ ಒಟ್ಟಿಗೇ ತಪ್ಪುವುದುಂಟಾ? ನಮ್ಮ ಅಕ್ಕನಿಗೂ ಹೀಗೇ ಸುರುವಾದದ್ದು. ಕಡೆಗೆ ಮಗಳ ಹೆಸರೂ ಹೋಯ್ತು. ಬುಧವಾರಕ್ಕೆ ಡಾಕ್ಟರರ ಅಪಾಯಿಂಟ್‌ಮೆಂಟ್ ತೆಗೊಂಡಿದ್ದೇನೆ. ಇನ್ನು ತಾಳ ನೀನೇ ಹಿಡಿ."

ಹನ್ನೆರಡು ಜನಕ್ಕೂ ಒಟ್ಟಿಗೇ ತಪ್ಪಿಸಬಲ್ಲದ್ದು ಒಂದೇ ಇತ್ತು: ನಾನು ಟೈಪ್ ಮಾಡಿದ ಪುಟ. ವೆಬ್‌ಸೈಟ್ ತೆರೆದೆ. ಲಾಫ್ಟಿನಿಂದ ಪುಸ್ತಕ ಇಳಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಪುಸ್ತಕದಲ್ಲಿ ನಾಲ್ಕು ಸಾಲಿಗೊಂದು ಖಾಲಿ ಜಾಗ. ನನ್ನ ಪುಟದಲ್ಲಿ ಪ್ರತಿ ಸಾಲಿಗೂ!

ವೆಬ್‌ಸೈಟಿಗೆ ಬರಹ ತುಂಬಿಸುವ ಸಾಫ್ಟ್‌ವೇರ್ ಇರುತ್ತದೆ. ಸಿಎಂಎಸ್ ಅನ್ನುತ್ತಾರೆ. ಅದರೊಳಗೆ ಹೋಗಿ ಖಾಲಿ ಜಾಗ ಅಳಿಸಲು ನೋಡಿದೆ. ಆಗಲಿಲ್ಲ. ಕೋಡ್ ತೋರಿಸುವ ಕಡೆ ಹೋದರೆ ಪ್ರತಿ ಸಾಲಿನ ಹಿಂದೆಮುಂದೆ ಪುಟ್ಟದೊಂದು "ಪಿ" ಕೂತಿದೆ. ಪ್ಯಾರಾಗ್ರಾಫಿನ ಟ್ಯಾಗ್. ಎಲ್ಲವನ್ನೂ ಆರಿಸಿ ಕಿತ್ತೆಸೆದು ಸೇವ್ ಮಾಡಿದೆ. ಹೋಗಿ ನೋಡಿದರೆ ಖಾಲಿ ಜಾಗ ಹಾಗೇ ಇದೆ. ಮೂರು ಸಲ ಕಿತ್ತೆ, ಮೂರು ಸಲವೂ ಬಂತು. ನನಗೆ ಅಳು ಬರುವುದೊಂದು ಬಾಕಿ.

ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನಲ್ಲೇ, ಮೂರನೆಯ ಮಹಡಿಯಲ್ಲಿ, ಶುಭಾಂಗಿ ಇದ್ದಾಳೆ. ವೆಬ್‌ಸೈಟ್ ಕಟ್ಟುವುದೇ ಅವಳ ಕೆಲಸ. ಲ್ಯಾಪ್‌ಟಾಪ್ ಹೊತ್ತುಕೊಂಡು ಓಡಿದೆ. ನೋಡಿದ ತಕ್ಷಣ ಹಣೆ ಚಚ್ಚಿಕೊಂಡು ಮರಾಠಿಯಲ್ಲಿ ಕೇಳಿದಳು: ಪ್ರತಿ ಸಾಲಿಗೂ ಎಂಟರ್ ಹೊಡೆದೆಯಾ?

ಹೊಡೆಯದೆ? ಹೊಸ ಸಾಲು ಹೇಗೆ ಬರುತ್ತದೆ?

ಎಂಟರ್ ಒತ್ತಿದರೆ ಹೊಸ ಪ್ಯಾರಾ ಬೇಕು ಅಂತ ಈ ಸಾಫ್ಟ್‌ವೇರ್ ತಿಳಿಯುತ್ತದಂತೆ. ಬರೀ ಹೊಸ ಸಾಲು ಬೇಕಾದರೆ ಶಿಫ್ಟ್ ಒತ್ತಿಕೊಂಡು ಎಂಟರ್ ಒತ್ತಬೇಕಂತೆ. ಸರಿ, ಕಿತ್ತಿದ್ದು ಯಾಕೆ ವಾಪಸ್ ಬರುತ್ತಿದೆ? ಟ್ಯಾಗ್ ಕಿತ್ತ ನಾನು ಸಾಲುಗಳ ನಡುವಿನ ಖಾಲಿ ಸಾಲನ್ನು ಹಾಗೇ ಬಿಟ್ಟಿದ್ದೆ. ಖಾಲಿ ಸಾಲು ಕಂಡಲ್ಲೆಲ್ಲ ಅದು ತಾನಾಗಿ ಟ್ಯಾಗ್ ಹಾಕುತ್ತದೆ. "ಬಿಚಾರಾ ಹೆಲ್ಪ್ ಕರ್ ರಹಾ ಹೈ," ಅಂದಳು ಶುಭಾಂಗಿ. ಪಾಪ, ಅದು ಸಹಾಯ ಮಾಡುತ್ತಿದೆಯಂತೆ.

ನಾನು ಕೇಳಿದ್ದೆನಾ ಹೆಲ್ಪು?

ಕೇಳದೆ ಉಪಕಾರ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕುರ್ಲಾ ಸ್ಟೇಷನ್ ಬರುವ ಮೊದಲೇ "ಉತರ್ನಾ ಹೈ ಕ್ಯಾ?" ಎಂದು, ಇಳಿಯದವರನ್ನೂ ಲೋಕಲ್ ರೈಲಿನ ಬಾಗಿಲಿಗೆ ತಳ್ಳುವವರು, ಬೇಡವೆಂದರೂ ಎಲೆಗೆ ಮತ್ತೊಂದು ಸೌಟು ಸುರಿಯುವವರು. ಹೀಗೆ ಪಟ್ಟಿ ಮಾಡುತ್ತಿದ್ದವಳಿಗೆ ಲಾಫ್ಟಿಗೆ ಹಾಕಿಸಿದ ಪುಸ್ತಕದ ಗಂಟು ನೆನಪಾಯಿತು.

ಚರಣಗಳ ಒಳಗಿನ ಖಾಲಿ ಸಾಲುಗಳನ್ನೆಲ್ಲ ಅಳಿಸಿ, ಅಲ್ಲಿ ಶಿಫ್ಟ್ ಒತ್ತಿ ಎಂಟರ್ ಹೊಡೆದೆವು. ಭಜನೆಯ ಪುಟಗಳಿಗೆ ಆ ಸ್ವಯಂಚಾಲಿತ ಪ್ಯಾರಾ ವ್ಯವಸ್ಥೆಯನ್ನೇ ಶುಭಾಂಗಿ ಆಫ್ ಮಾಡಿದಳು. ಸೇವ್ ಮಾಡಿ ನೋಡಿದರೆ ನಾಲ್ಕು ಸಾಲು ಒತ್ತೊತ್ತಾಗಿ ಕೂತಿದ್ದವು. ಅಬ್ಬಾ! ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಮಂಗಳವಾರ ಸಂಜೆ ಆಂಟಾಪ್ ಹಿಲ್‌ಗೆ ಹೋದೆ. ಗಿರಿಜಕ್ಕನನ್ನು ಕೂರಿಸಿ, "ಅದೇ ಹಾಡು, ನೀವೊಬ್ಬರೇ ಹೇಳಿ" ಅಂದೆ. ಅವರು ಹೆದರುತ್ತಲೇ ಕಣ್ಣು ಮುಚ್ಚಿದರು. ನಾನು ಹಳೆಯ ಪುಸ್ತಕದ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಹಿಂಬಾಲಿಸಿದೆ. ಕಡೆಯ ಚರಣದವರೆಗೆ ಒಂದು ಅಕ್ಷರ ಆಚೀಚೆಯಾಗಲಿಲ್ಲ. ಆಮೇಲೆ ನನ್ನ ಎಂಟರಿನ ಕಥೆ ಒಪ್ಪಿಸಿದೆ.

"ಹಾಗಾದ್ರೆ ನನಗೆ ಎಂತದೂ ಆಗ್ಲಿಲ್ವಾ?"

"ಎಂತದೂ ಇಲ್ಲ ಗಿರಿಜಕ್ಕ."

ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ನಾನೂ ಒರೆಸಿಕೊಂಡೆ. ಆಮೇಲೆ ಬೈಗುಳ ಶುರು: "ಪುಸ್ತಕ ತೆಗೆದು ಹಾಕುವ ಮೊದಲು ಒಂದು ಮಾತು ಕೇಳ್ಲಿಕ್ಕೆ ನಿನಗೆ ಎಂತ ಧಾಡಿ?" ಸಂತೋಷದಿಂದ ಬೈಸಿಕೊಂಡೆ. ಅಪಾಯಿಂಟ್‌ಮೆಂಟ್ ಮಾತ್ರ ಕ್ಯಾನ್ಸಲ್ ಮಾಡುವುದಿಲ್ಲವಂತೆ. "ಹೇಗೂ ನಂಬರ್ ಸಿಕ್ಕಿದೆ, ಮೊಣಕಾಲನ್ನಾದ್ರೂ ತೋರಿಸಿ ಬರ್ತೇನೆ."

ಹನ್ನೆರಡು ಜನ ಕಣ್ಣು ಬಿಟ್ಟುಕೊಂಡು ತಪ್ಪು ಹಾಡಿದೆವು. ಕಣ್ಣು ಮುಚ್ಚಿದ ಒಬ್ಬರು ಸರಿಯಾಗಿ ಹಾಡಿದರು. ಡಾಕ್ಟರರ ಹತ್ತಿರ ಹೋಗಬೇಕಾದವರು ಯಾರು, ನೀವೇ ಹೇಳಿ?