ಕೇಕ್ ಚೆನ್ನಾಗಿ ಬಂದ ಬೇಸಿಗೆ

ಮಕ್ಕಳೇ, ನಾನು ಚಿಕ್ಕವಳಿದ್ದಾಗ ಕಾಪುವಿನ ಹತ್ತಿರದ ನಮ್ಮ ಮನೆಯಲ್ಲಿ ಬೇಸಿಗೆ ರಜೆ ಬಂದದ್ದು ಮೊದಲು ಗೊತ್ತಾಗುತ್ತಿದ್ದದ್ದು ಮೂಗಿಗೆ. ಅಂಗಳದಲ್ಲಿ ಒಣಮೀನು, ಜಗಲಿಯಲ್ಲಿ ಹಲಸಿನ ಹಣ್ಣು, ಗುಡ್ಡದ ಕಡೆಯಿಂದ ಗಾಳಿ ಬಂದರೆ ಗೇರುಹಣ್ಣಿನ ಹುಳಿ ವಾಸನೆ. ಈಗಲೂ ಆ ಪರಿಮಳ ಬಂದರೆ ಎಲ್ಲರಿಗೂ ಖುಷಿಯಾಗುತ್ತದಂತೆ. ನಾನು ಕಿಟಕಿ ಮುಚ್ಚುತ್ತೇನೆ. ಯಾಕೆಂದು ಯಾರಿಗೂ ಹೇಳಿದವಳಲ್ಲ. ನನಗೆ ಮಾತು ಕಡಿಮೆ, ನಿಮಗೆ ಗೊತ್ತೇ ಉಂಟು. ಹಾಗಾಗಿ ಬರೆಯುತ್ತಿದ್ದೇನೆ.

ಆ ವರ್ಷ ನಾನು ಏಳನೆಯ ಕ್ಲಾಸು ಪಾಸಾಗಿದ್ದೆ. ನಮ್ಮ ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಗೆಳತಿ ಕಸ್ತೂರಿಯೂ ನಾನೂ ಜೊತೆಯಾಗಿ ಕಾಪುವಿನ ಹೈಸ್ಕೂಲಿಗೆ ಹೋಗುವುದೆಂದು ಮಾತಾಗಿತ್ತು. ದಾರಿಯಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ ಎಂದು ಕೂಡ ವಿಚಾರಿಸಿಟ್ಟುಕೊಂಡಿದ್ದೆವು.

ಮಧ್ಯಾಹ್ನದ ಊಟವಾಗಿ ಅಮ್ಮ ಮಲಗಿದರೆ ಅಡುಗೆಮನೆ ನನ್ನದು. ಕಲ್ಲಂಗಡಿ ಸಿಪ್ಪೆಯ ಬಿಳಿ ಭಾಗವನ್ನು ಅಕ್ಕಿಯ ಜೊತೆ ಅರೆದು, ಬೆಲ್ಲ ಹಾಕಿ ದೋಸೆ ಹೊಯ್ದೆ. ಚೆನ್ನಾಗಿತ್ತು. ಗೇರುಹಣ್ಣಿನ ಜಾಮ್ ಮಾಡಲು ಹೋದೆ. ತಿಂದವರಿಗೆಲ್ಲ ಗಂಟಲು ಕೆರೆಯಿತು. ಏನಾಗುತ್ತದೆಂದು ಗೊತ್ತಿಲ್ಲದೆ ಪಾತ್ರೆಯ ಮುಚ್ಚಳ ತೆಗೆಯುವ ಆ ಗಳಿಗೆ ಇದೆಯಲ್ಲ, ಅದಕ್ಕಾಗಿಯೇ ಮಾಡುತ್ತಿದ್ದೆ.

ಕೇಕ್ ಹೇಳಿಕೊಟ್ಟವರು ಪಕ್ಕದ ಮನೆಯ ಸಿಸಿಲಿಯಾ ಬಾಯಿ. ಆಗ ನಮ್ಮ ಕಡೆ ಓವನ್ ಎಲ್ಲಿಯದು? ದೊಡ್ಡ ಪಾತ್ರೆಯ ತಳದಲ್ಲಿ ಮರಳು ಹಾಸಿ, ಅದರ ಮೇಲೆ ಹಿಟ್ಟಿನ ಪಾತ್ರೆ ಇಟ್ಟು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ ಹರಡುವುದು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಹೊಳೆಯಿಂದ ತಂದ ಮರಳನ್ನು ಒಣಗಿಸುವಷ್ಟು ತಾಳ್ಮೆ ನನಗಿರಲಿಲ್ಲ. ಹಸಿ ಮರಳಿನ ಹಬೆಗೆ ಕೇಕ್ ಬೆವರಿ, ಮುದ್ದೆಯಾಗಿ ಕುಳಿತಿತು.

"ಅಮ್ಮಾ, ಇವಳು ಕೇಕ್ ಅಂತ ಹೇಳಿ ಗಟ್ಟಿ ಕಡುಬು ಬೇಯಿಸಿದ್ದಾಳೆ. ಕೋಳಿ ಸಾರು ಉಂಟಾ ಇದಕ್ಕೆ?" ಎಂದು ನನ್ನ ಅಣ್ಣ ಶೇಖರ ಕೂಗಿದ.

ಸಿಸಿಲಿಯಾ ಬಾಯಿ ಬೇಲಿಯ ಆಚೆಯಿಂದಲೇ ನಕ್ಕರು. "ಮರಳು ಹುರಿಬೇಕು ಮಾರಾಯ್ತಿ. ಮೊದಲು ಮರಳಿನ ಅಡುಗೆ, ಮತ್ತೆ ಕೇಕಿನ ಅಡುಗೆ."

ಮರಳು ಹುರಿದೆ. ಮುಂದಿನ ಸಲ ಕೆಂಡ ಹೆಚ್ಚಾಗಿ ಕೇಕಿನ ತಲೆ ಸುಟ್ಟಿತು. ರಜೆ ಮುಗಿಯುವ ಹೊತ್ತಿಗೆ ಮುಚ್ಚಳ ತೆಗೆದರೆ ಜೇನಿನ ಬಣ್ಣ. ಮನೆ ತುಂಬ ಏಲಕ್ಕಿಯ ಘಮ.

ನಮ್ಮಲ್ಲಿ ಅಮ್ಮನ ಅಣ್ಣನೇ ಯಜಮಾನ. ಅಪ್ಪ ಇದ್ದರೂ ಮಕ್ಕಳ ಓದು, ಮದುವೆಯೆಲ್ಲ ಮಾವ ಹೇಳಿದ ಹಾಗೆ. ಅದೇ ದಿನ ಮಾವ ಉಡುಪಿಯ ನೆಂಟರೊಬ್ಬರನ್ನು ಕರೆದುಕೊಂಡು ಬಂದರು. ಅಮ್ಮ ಚಹದ ಜೊತೆ ಕೇಕ್ ಕಳಿಸಿದಳು. ನಾನು ಬಾಗಿಲ ಮರೆಯಲ್ಲಿ ನಿಂತೆ.

"ಬೇಕರಿಯದ್ದಾ?" ನೆಂಟರು ಕೇಳಿದರು.

"ಎಂತ ಬೇಕರಿ? ನಮ್ಮ ಗಿರಿಜೆ ಮಾಡಿದ್ದು." ಮಾವ ಇನ್ನೊಂದು ತುಂಡು ತೆಗೆದುಕೊಂಡರು. ನನ್ನ ಕಾಲು ನೆಲದ ಮೇಲಿರಲಿಲ್ಲ.

"ಹುಡುಗಿ ಹೈಸ್ಕೂಲಿಗಾ ಇನ್ನು?"

"ಇಂಥ ಕೈ ಇರುವವಳಿಗೆ ಹೈಸ್ಕೂಲು ಎಂತಕ್ಕೆ? ಅಲ್ಲಿ ಇವಳಿಗಿಂತ ಒಳ್ಳೆ ಕೇಕ್ ಮಾಡ್ತಾರಾ?" ಇಬ್ಬರೂ ನಕ್ಕರು. "ನಾಟಿ ಹತ್ತಿರ ಬಂತು. ನನ್ನ ತಂಗಿಗೂ ಸೊಂಟ ನೋವು. ಮನೆಯಲ್ಲಿರಲಿ."

ಬಾಯಲ್ಲಿ ನನ್ನ ಕೇಕ್ ಇಟ್ಟುಕೊಂಡೇ ಹೇಳಿದರು. ನುಂಗುವಷ್ಟು ಹೊತ್ತೂ ಯೋಚಿಸಲಿಲ್ಲ.

ಸಂಜೆ ಅಮ್ಮನ ಸೆರಗು ಹಿಡಿದೆ. "ನೀನು ಹೇಳು ಮಾವನಿಗೆ."

"ಎಂತ ಹೇಳುವುದು ಮಗಾ? ಅವರು ಹೊಗಳಿದ್ದಲ್ವಾ, ಬೈದದ್ದಲ್ಲ."

"ಅಣ್ಣ ಒಂಬತ್ತರಲ್ಲಿ ಫೇಲು. ಅವನು ಹೋಗಬಹುದಾ?"

"ಅವನಿಗೆ ಒಂದು ಗಂಜಿ ಬೇಯಿಸಲಿಕ್ಕೆ ಬರುವುದಿಲ್ಲ. ಓದದೆ ಮತ್ತೆಂತ ಮಾಡ್ತಾನೆ?"

ಈ ಮಾತನ್ನು ಎಷ್ಟು ವರ್ಷ ಅಗಿದಿದ್ದೇನೆ, ಇನ್ನೂ ಗಂಟಲಲ್ಲಿ ಇಳಿದಿಲ್ಲ. ಏನೂ ಬಾರದವನಿಗೆ ಶಾಲೆ, ಬಂದವಳಿಗೆ ಒಲೆ. ಜಾಮ್ ಕೆಟ್ಟ ಹಾಗೆ ಕೇಕೂ ಕೆಟ್ಟಿದ್ದರೆ ನಾನು ಎಂಟನೆಯ ಕ್ಲಾಸು ನೋಡುತ್ತಿದ್ದೆನೋ ಏನೋ. ಅಮ್ಮ ಕೆಟ್ಟವಳಲ್ಲ. ಆದರೆ ಆ ಸಂಜೆ ಅವಳು ಮಾವನೆದುರು ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಶಾಲೆ ಶುರುವಾದ ದಿನ ಜೋರು ಮಳೆ. ನಾನು ನಾಟಿಯವರಿಗೆ ಗಂಜಿ ಬೇಯಿಸುತ್ತಿದ್ದೆ. ಕಸ್ತೂರಿ ಹೊಸ ಕೊಡೆ ಹಿಡಿದು ಅಂಗಳದ ತುದಿಯಲ್ಲಿ ನಿಂತು, "ಗಿರಿಜಾ, ಹೊತ್ತಾಯ್ತು" ಎಂದು ಕರೆದಳು. ಅವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೊಗೆಯ ಕಡೆಗೆ ಮುಖ ಮಾಡಿ ಕುಳಿತೆ. "ಅವಳು ಬರುವುದಿಲ್ಲ, ನೀನು ಹೋಗು" ಎಂದಳು ಅಮ್ಮ. ಅಣ್ಣ ನಾನು ಕಟ್ಟಿದ ಬುತ್ತಿ ಹಿಡಿದು ಅವಳ ಹಿಂದೆಯೇ ಹೋದ. ಆ ವರ್ಷವೂ ಫೇಲಾದ.

ಮಾವ ಮತ್ತೆ ಬಂದಾಗಲೆಲ್ಲ ಕೇಕ್ ಕೇಳಿದರು. "ಮೊಟ್ಟೆ ಇಲ್ಲ" ಎನ್ನುತ್ತಿದ್ದೆ. ಹಿತ್ತಿಲಲ್ಲಿ ಕೋಳಿಗಳು ಕೂಗುತ್ತಲೇ ಇರುತ್ತಿದ್ದವು. ನನ್ನ ಬಾಯಿಂದ ಬಂದ ಎದುರು ಮಾತು ಅದೊಂದೇ.

ಆಮೇಲೆ ಜೀವಮಾನವಿಡೀ ಅಡುಗೆ ಮಾಡಿದೆ. ತವರಿನಲ್ಲಿ, ಕಾರ್ಕಳದ ಗಂಡನ ಮನೆಯಲ್ಲಿ, ನಿಮ್ಮ ಅಜ್ಜ ಹೋದ ಮೇಲೆ ಈಗ ಮಣಿಪಾಲದ ನಿಮ್ಮ ಮನೆಯಲ್ಲಿ. ಗೊತ್ತಿದ್ದದ್ದನ್ನೇ ಮಾಡಿದೆ. ಹೊಸತೊಂದನ್ನು ಮಾಡಿ ನೋಡುವ ಆಸೆ ಮತ್ತೆ ಹುಟ್ಟಲಿಲ್ಲ. ಶಾಲೆ ಹೋಯಿತೆಂದು ಮೊದಲು ಅಳುತ್ತಿದ್ದೆ. ಒಲೆಯ ಮುಂದಿನ ಆ ಖುಷಿಯೂ ಜೊತೆಗೇ ಹೋಗಿತ್ತೆಂದು ತಿಳಿಯಲು ಬಹಳ ಕಾಲ ಬೇಕಾಯಿತು.

ಈ ರಜೆಯಲ್ಲಿ ನೀವು ಓವನ್ನಿನಲ್ಲಿ ಏನೇನೋ ಮಾಡುತ್ತಿದ್ದೀರಿ. ಸುಡುತ್ತೀರಿ, ನಗುತ್ತೀರಿ, ಮತ್ತೆ ಮಾಡುತ್ತೀರಿ. ಚೆನ್ನಾಗಿ ಬಂದರೂ ನಿಮ್ಮನ್ನು ಯಾರೂ ಕಾಲೇಜು ಬಿಡಿಸುವುದಿಲ್ಲ. ಹಾಗೆಯೇ ಇರಲಿ. ಆದರೆ ಊಟಕ್ಕೆ ಕುಳಿತಾಗ "ಅಜ್ಜಿಯ ಕೈರುಚಿ ಯಾರಿಗೂ ಬರುವುದಿಲ್ಲ" ಎನ್ನುತ್ತೀರಲ್ಲ, ಆಗ ನಾನು ಎದ್ದು ಒಳಗೆ ಹೋಗುತ್ತೇನೆ. ಅಜ್ಜಿಗೆ ನಾಚಿಕೆ ಎಂದು ನಗುತ್ತೀರಿ. ನನಗೆ ಬರುವುದು ಸಿಟ್ಟು ಮಕ್ಕಳೇ. ಬಡಿಸಿದ್ದನ್ನು ಹೊಟ್ಟೆ ತುಂಬಾ ತಿನ್ನಿ. ಹೊಗಳಬೇಡಿ.