ಪ್ರಮೋದನ ಕಂಪ್ಯೂಟರಿನಲ್ಲಿ ಮೊದಲು ಎದ್ದದ್ದು

2025ರಲ್ಲಿ ನಾನು ಹುಬ್ಬಳ್ಳಿಯ ವಿದ್ಯಾನಗರದ ಒಂದು ಗೇಮಿಂಗ್ ಸೆಂಟರಿನಲ್ಲಿ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಕಂಪ್ಯೂಟರುಗಳ ಧೂಳು ಹೊಡೆಯುವುದರಿಂದ ಹಿಡಿದು ಅವುಗಳ ಹೊಟ್ಟೆಯೊಳಗಿನ ಸೆಟ್ಟಿಂಗುಗಳನ್ನು ಸರಿಯಾಗಿ ಇಡುವವರೆಗೆ ಎಲ್ಲವೂ. ಧಾರವಾಡದಲ್ಲಿ ಓದುವಾಗ ನಾನು ಚರ್ಚಾಸ್ಪರ್ಧೆಗಳ ಹುಡುಗಿ. ಬಹುಮಾನದ ಕಪ್ಪುಗಳು ಮನೆಯ ಕಪಾಟಿನಲ್ಲಿ ಈಗಲೂ ಇವೆ. ಬಂಧುಗಳು ಬಂದಾಗಲೆಲ್ಲ ಅವುಗಳ ಕಡೆಗೊಮ್ಮೆ, ನನ್ನ ಕೈಯ ಸ್ಕ್ರೂಡ್ರೈವರಿನ ಕಡೆಗೊಮ್ಮೆ ನೋಡಿ ನಿಟ್ಟುಸಿರು ಬಿಡುತ್ತಾರೆ. ನನಗೆ ಎರಡೂ ಒಂದೇ ಕೆಲಸ. ಹಾಳಾದ ಯಂತ್ರವೂ ಒಂದು ಹೇಳಿಕೆಯೇ. ಎಲ್ಲಿ ಸುಳ್ಳಿದೆ ಎಂದು ಹುಡುಕಬೇಕು, ಅಷ್ಟೇ.

ಚರ್ಚೆಯಲ್ಲಿ ನನ್ನ ಜೋಡಿದಾರ ಪ್ರಮೋದ. ಅವನು ಪುರಾವೆ ತರುವವನು, ನಾನು ವಾದ ಕಟ್ಟುವವಳು. ನಮ್ಮ ಕಡೆ ಜೋಡಿ ಚರ್ಚೆಗೆ ತಯಾರು ಮಾಡುವವರು ಒಂದು ರೂಢಿ ಕಲಿಸುತ್ತಾರೆ: ವೇದಿಕೆ ಹತ್ತಿದ ಮೇಲೆ ಜೋಡಿದಾರನ ಪುರಾವೆಯನ್ನು ಪ್ರಶ್ನಿಸಬಾರದು. ಪ್ರಶ್ನಿಸಿದರೆ ಎದುರಿನವರ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಟ್ಟಂತೆ. ಈ ರೂಢಿಯಿಂದ ನಾವು ಬಹಳ ಗೆದ್ದೆವು. ದೇವರು, ಜಾತಕ, ಸರ್ಕಾರ, ಪತ್ರಿಕೆ ಎಲ್ಲವನ್ನೂ ಸಂಶಯಪಡುತ್ತಿದ್ದ ನಾನು ಈ ಒಂದು ರೂಢಿಯನ್ನು ಮಾತ್ರ ಸಂಶಯಪಡಲಿಲ್ಲ.

ಸೆಂಟರಿನ ಮಾಲೀಕರು ಶಿವಾನಂದ ಕಾಕಾ. ಅವರ ಹಿರಿಯರದು ಕಾಳಿನ ವ್ಯಾಪಾರ. ಇವರಿಗೆ ಹೊಸದೇನಾದರೂ ಮಾಡುವ ಹುಕಿ. ಸೆಂಟರಿಗೆ ಒಂದು ತಂಡವಿತ್ತು. ಐದು ಜನ ಸೇರಿ ಆಡುವ ಒಂದು ಗುಂಡಿನ ಕಾಳಗದ ಆಟದಲ್ಲಿ ಆ ವರ್ಷ ಅದು ರಾಜ್ಯಮಟ್ಟದ ಫೈನಲ್ ಮುಟ್ಟಿತು. ಬೆಂಗಳೂರಿನ ತಂಡಗಳ ನಡುವೆ ನಮ್ಮ ಊರಿನ ಹೆಸರು ಬಂದದ್ದು ಅದೇ ಮೊದಲು. ಆ ಫೈನಲ್ ಆಡುವುದೇ ಎಲ್ಲರ ಕನಸಾಗಿತ್ತು, ನನ್ನದೂ. ತಂಡದ ಮುಖ್ಯ ಆಟಗಾರ ಪ್ರಮೋದ. ಉಳಿದ ನಾಲ್ವರು ಸೆಂಟರಿನ ಕಂಪ್ಯೂಟರಿನಲ್ಲೇ ಆಡುತ್ತಿದ್ದರು. ಪ್ರಮೋದ ಮಾತ್ರ ಮನೆಯಿಂದ ತನ್ನ ಕಂಪ್ಯೂಟರನ್ನೇ ತಂದಿಟ್ಟುಕೊಂಡಿದ್ದ. 'ಕೈಗೆ ರೂಢಿ ಆಗೇದ' ಎನ್ನುತ್ತಿದ್ದ. ತಬಲಾದವರು ತಮ್ಮ ತಬಲಾ ತಾವೇ ಹೊತ್ತು ತರುವ ಊರು ನಮ್ಮದು; ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಆರನೆಯವನು ಬಸವರಾಜ, ಉಣಕಲ್ಲಿನ ಹುಡುಗ, ಬದಲಿ ಆಟಗಾರ. ಬದಲಿ ಆಟಗಾರನ ಕೆಲಸ ಹಿಂದೆ ಕೂತು ನೋಡುವುದು. ಅವನು ಅದನ್ನು ಮನಸ್ಸಿಟ್ಟು ಮಾಡಿದ. ಒಂದು ಸಂಜೆ ಅಭ್ಯಾಸ ಮುಗಿದ ಮೇಲೆ ಎಲ್ಲರ ಎದುರಿಗೇ ಕೇಳಿಬಿಟ್ಟ.

"ಪ್ರಮೋದಣ್ಣಾ, ಗ್ವಾಡಿ ಹಿಂದ ನಿಂತಾವ ನಿನಗ ಹೆಂಗ ಕಾಣಸ್ತಾನ?"

"ಸಪ್ಪಳ ಕೇಳಿಸ್ತದೋ."

"ಸಪ್ಪಳ ನನಗೂ ಕೇಳಿಸ್ತದ. ನಾನೂ ಹೆಡ್‌ಫೋನ್ ಹಾಕ್ಕೊಂಡಿದ್ದೆ. ಅಂವ ಅಲ್ಲಾಡೇ ಇಲ್ಲ. ನೀ ಅಂವ ಬರೂಕಿಂತ ಮೊದಲ ಗುರಿ ಹಿಡದು ನಿಂತಿದ್ದಿ."

ಪ್ರಮೋದ ನನ್ನ ಕಡೆ ತಿರುಗಿ ನಕ್ಕ. "ವಕೀಲಬಾಯಿ, ನನ್ನ ಕೇಸು ನೀ ತಗೋತಿ ಏನು?"

ತಗೊಂಡೆ. ಬಸವರಾಜನಿಗೆ ನಾನು ಕೇಳಿದ್ದು ಹೀಗೆ: ಪುರಾವೆ ಎಲ್ಲಿದೆ? ಸೋತ ಪಂದ್ಯಗಳಲ್ಲೂ ಅವನಿಗೆ ಗೋಡೆಯ ಹಿಂದಿನದು ಕಾಣುತ್ತಿತ್ತೋ, ಗೆದ್ದ ಪಂದ್ಯಗಳಲ್ಲಿ ಮಾತ್ರವೋ? ಪ್ರಮೋದ ತಂಡದಿಂದ ಹೊರಹೋದರೆ ಆ ಜಾಗ ಯಾರಿಗೆ ಸಿಗುತ್ತದೆ? ಕೊನೆಯ ಪ್ರಶ್ನೆಗೆ ಎಲ್ಲರೂ 'ಓಹೋ' ಎಂದು ನಕ್ಕರು. ಒಬ್ಬನಂತೂ "ಬಸ್ಯಾ, ಹೊಟ್ಟಿಗೆ ಮಜ್ಜಿಗಿ ಕುಡಿ, ಉರಿ ಕಡಿಮಿ ಆಗ್ತದ" ಅಂದ. ಬಸವರಾಜ ತನ್ನ ಹೆಡ್‌ಫೋನ್ ಸುತ್ತಿಕೊಂಡು ಎದ್ದು ಹೋದ, ಮತ್ತೆ ಬರಲಿಲ್ಲ. ಫೈನಲ್ಲಿನ ಆಟಗಾರರ ಪಟ್ಟಿಯನ್ನು ಬದಲಿ ಆಟಗಾರನಿಲ್ಲದೆಯೇ ಕಳಿಸಲಾಯಿತು. ಗೆದ್ದ ಚರ್ಚೆಯ ನಂತರ ಬರುವ ಆ ಬೆಚ್ಚನೆಯ ಸಮಾಧಾನ ನನಗೆ ಅಂದೂ ಬಂದಿತ್ತು.

ಇದಾದ ಸ್ವಲ್ಪ ದಿನಕ್ಕೆ ಆಟದ ಕಂಪನಿ ಒಂದು ಹೊಸ ನಿಯಮ ತಂದಿತು. ಆಡುವ ಪ್ರತಿ ಕಂಪ್ಯೂಟರಿನಲ್ಲೂ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ ಚಾಲೂ ಇರಬೇಕು. ಇಲ್ಲದಿದ್ದರೆ ಆಟ ತೆರೆಯುವುದೇ ಇಲ್ಲ. ಇವೆರಡನ್ನೂ ಸ್ವಲ್ಪ ವಿವರಿಸುತ್ತೇನೆ. ಕಂಪ್ಯೂಟರಿನ ಗುಂಡಿ ಒತ್ತಿದಾಗ ಮೊದಲು ಎಚ್ಚರಾಗುವುದು ಮದರ್‌ಬೋರ್ಡಿನಲ್ಲೇ ಇರುವ ಒಂದು ಸಣ್ಣ ಪ್ರೋಗ್ರಾಂ. ಇದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಹಳಬರು ಬಯೋಸ್ ಎಂದೇ ಕರೆಯುತ್ತಾರೆ. ಅದು ಎದ್ದು ಮುಂದಿನದನ್ನು ಎಬ್ಬಿಸುತ್ತದೆ, ಆ ಮುಂದಿನದು ಆಪರೇಟಿಂಗ್ ಸಿಸ್ಟಮ್ಮನ್ನು ಎಬ್ಬಿಸುತ್ತದೆ. ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಫರ್ಮ್‌ವೇರು ಹೀಗೆ ಎಬ್ಬಿಸುವ ಮೊದಲು ಪ್ರತಿಯೊಂದರ ಡಿಜಿಟಲ್ ಸಹಿ ನೋಡುತ್ತದೆ. ಗುರುತಿನ ಸಹಿ ಇಲ್ಲದ್ದನ್ನು ಬಾಗಿಲಲ್ಲೇ ತಡೆಯುತ್ತದೆ. ಟಿಪಿಎಂ ಎಂಬುದು ಯಾವುದು ಯಾವುದರ ನಂತರ ಎದ್ದಿತು ಎಂಬುದರ ಗುರುತನ್ನು ಅಳಿಸಲಾಗದಂತೆ ಹಿಡಿದಿಟ್ಟುಕೊಳ್ಳುವ ಒಂದು ಚಿಪ್.

ಆಟಕ್ಕೂ ಇದಕ್ಕೂ ಏನು ಸಂಬಂಧ? ಗೋಡೆಯ ಹಿಂದಿನದನ್ನು ತೋರಿಸುವಂಥ ಕಳ್ಳ ಪ್ರೋಗ್ರಾಂಗಳನ್ನು ಹಿಡಿಯಲು ಆಟದೊಳಗೆ ಒಂದು ಕಾವಲು ಇರುತ್ತದೆ. ಚಾಣಾಕ್ಷರು ಕಂಡುಕೊಂಡ ಉಪಾಯವೆಂದರೆ ಕಳ್ಳನನ್ನು ಕಾವಲಿನವನಿಗಿಂತ ಮೊದಲೇ ಎಬ್ಬಿಸುವುದು. ಆಪರೇಟಿಂಗ್ ಸಿಸ್ಟಮ್ಮಿಗಿಂತ ಮೊದಲು ಎದ್ದು ಅಡಗಿ ಕೂತದ್ದು ಆಮೇಲೆ ಬಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಯಮ ಬಂದ ದಿನವೇ ಪ್ರಮೋದ ಕೆರಳಿದ. "ನಮ್ಮ ಮನಿ ಕೀಲಿಕೈ ಆಟದ ಕಂಪನಿ ಕೈಯಾಗ ಯಾಕ ಕೊಡಬೇಕು? ನೀ ಸುಮ್ಮನ ಕೂಡತಿ ಏನು ಇದಕ್ಕ?" ನಾನು ಸುಮ್ಮನೆ ಕೂಡುವವಳಲ್ಲ. ಫೈನಲ್ ನಡೆಸುವ ಸಂಘಟಕರಿಗೆ ಬರೆದೆ, ಆನ್‌ಲೈನ್ ಸಭೆಯಲ್ಲಿ ವಾದಿಸಿದೆ. ಒಂದು ಆಟಕ್ಕಾಗಿ ಕಂಪ್ಯೂಟರಿನ ತಳಪಾಯದ ಮೇಲೆ ಕಂಪನಿಗೆ ಹಕ್ಕು ಬಿಟ್ಟುಕೊಡುವುದು ತಪ್ಪು. ಹಳೆಯ ಯಂತ್ರದ ಬಡ ಹುಡುಗರು ಹೊರಗುಳಿಯುತ್ತಾರೆ. ಕಾವಲಿನವನನ್ನು ಕಾಯುವವರು ಯಾರು? ಈ ವಾದ ಸುಳ್ಳಲ್ಲ, ಇಂದಿಗೂ ನನಗೆ ಅದರಲ್ಲಿ ನಂಬಿಕೆಯಿದೆ. ಅದು ನನ್ನ ಬಾಯಿಂದ ಯಾರ ಸಲುವಾಗಿ ಹೊರಟಿತ್ತು ಎಂಬುದಷ್ಟೇ ನನಗೆ ಗೊತ್ತಿರಲಿಲ್ಲ.

ಸಂಘಟಕರು ಒಪ್ಪಲಿಲ್ಲ. ಮೇಲಾಗಿ ಇನ್ನೊಂದು ಷರತ್ತು ಹಾಕಿದರು: ಎಲ್ಲ ಕಂಪ್ಯೂಟರುಗಳಲ್ಲೂ ಎರಡೂ ಸೆಟ್ಟಿಂಗು ಚಾಲೂ ಇವೆ, ಬೇರೇನನ್ನೂ ನುಸುಳಿಸಿಲ್ಲ ಎಂದು ಆಯಾ ಸೆಂಟರಿನ ತಾಂತ್ರಿಕ ಮೇಲ್ವಿಚಾರಕರೇ ಪ್ರಮಾಣೀಕರಿಸಬೇಕು. ಅಂದರೆ ನಾನು.

ಸೆಂಟರಿನ ಯಂತ್ರಗಳಲ್ಲಿ ಕೆಲಸ ಸಲೀಸಾಗಿ ಆಯಿತು. ಕೆಲವದರ ಡಿಸ್ಕು ಹಳೆಯ ಪದ್ಧತಿಯಲ್ಲಿತ್ತು. ಅದನ್ನು ಹಾಗೇ ಬಿಟ್ಟು ಸೆಕ್ಯೂರ್ ಬೂಟ್ ಒತ್ತಿದರೆ ಕಂಪ್ಯೂಟರ್ ಏಳುವುದೇ ಇಲ್ಲ. ಹುಬ್ಬಳ್ಳಿಯ ಅರ್ಧ ಹುಡುಗರು ಆ ವಾರ ಹೀಗೇ ಒತ್ತಿ ಗಾಬರಿಯಾಗಿ ರಿಪೇರಿ ಅಂಗಡಿಗಳಿಗೆ ಓಡಿದ್ದರು. ನಾನು ಮೊದಲು ಡಿಸ್ಕನ್ನು ಹೊಸ ಪದ್ಧತಿಗೆ ತಂದು, ಒಂದೊಂದೇ ಸೆಟ್ಟಿಂಗ್ ಬದಲಿಸಿ, ಪ್ರತಿಸಲ ಕಂಪ್ಯೂಟರ್ ಎಬ್ಬಿಸಿ ನೋಡಿ ಮುಂದೆ ಹೋದೆ.

ಕೊನೆಗೆ ಉಳಿದದ್ದು ಪ್ರಮೋದನದು. ಮಧ್ಯಾಹ್ನ ಊಟವಾದ ಮೇಲೆ ಕೂತೆ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಅವನೂ ಕೂತ. "ನನಗ ಆ ಬಯೋಸಿನ ನೀಲಿ ಪರದೆ ತಲಿಗೆ ಹೋಗಂಗಿಲ್ಲ, ನೀನ ನೋಡ್ಕೊ" ಅಂದ. ಹೊಸ ಯಂತ್ರ, ಹೊಸ ಪದ್ಧತಿಯ ಡಿಸ್ಕು. ಒಂದು ಗುಂಡಿಯ ಕೆಲಸ. ಒತ್ತಿದೆ, ಉಳಿಸಿದೆ, ಕಂಪ್ಯೂಟರ್ ಮತ್ತೆ ಎದ್ದಿತು. ಪರದೆಯ ನಡುವೆ ಕೆಂಪು ಚೌಕ: ಸೆಕ್ಯೂರ್ ಬೂಟ್ ಉಲ್ಲಂಘನೆ, ಅಮಾನ್ಯ ಸಹಿ ಪತ್ತೆಯಾಗಿದೆ.

ಆಗಲೂ ನಾನು ಪ್ರಮೋದನ ಪರವೇ ಇದ್ದೆ. ಯಂತ್ರದ ಎದುರು ಅವನ ವಕಾಲತ್ತು ವಹಿಸಿದೆ ಎಂದರೂ ತಪ್ಪಿಲ್ಲ. ಸಹಿ ಗುರುತಿಸುವ ಕೀಲಿಗಳು ಅಳಿಸಿಹೋಗಿರಬಹುದು ಎಂದೆ. ಕಾರ್ಖಾನೆಯ ಕೀಲಿಗಳನ್ನು ಮರಳಿ ಹಾಕಿದೆ. ಅದೇ ಕೆಂಪು ಚೌಕ. ಗ್ರಾಫಿಕ್ಸ್ ಕಾರ್ಡಿನ ಒಳಗಿನ ಪ್ರೋಗ್ರಾಂ ಹಳೆಯದಿರಬಹುದು ಎಂದೆ. ಕಾರ್ಡನ್ನೇ ಬಿಚ್ಚಿ ತೆಗೆದಿಟ್ಟೆ. ಅದೇ ಚೌಕ. ಮೊದಲು ಯಾವುದನ್ನು ಎಬ್ಬಿಸಬೇಕು ಎಂಬ ಆಯ್ಕೆಗಳನ್ನು ತೆರೆದೆ. ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಒಂದರ ಕೆಳಗೊಂದು ಎರಡು ಸಲ ಇತ್ತು. ಕೆಳಗಿನದನ್ನು ನೇರವಾಗಿ ಆರಿಸಿದರೆ ಕಂಪ್ಯೂಟರ್ ತಕರಾರಿಲ್ಲದೆ ಎದ್ದಿತು. ಮೇಲಿನದನ್ನು ಆರಿಸಿದರೆ ಕೆಂಪು ಚೌಕ. ಅಂದರೆ ಮೇಲಿನದಕ್ಕೆ ಹೆಸರು ಮಾತ್ರ ಆಪರೇಟಿಂಗ್ ಸಿಸ್ಟಮ್ಮಿನದು. ಅದು ಬೇರೆ ಏನೋ.

ಡಿಸ್ಕಿನಲ್ಲಿ ಬೂಟ್ ಫೈಲುಗಳಿಗಾಗಿ ಒಂದು ಸಣ್ಣ ಭಾಗ ಇರುತ್ತದೆ, ಸಾಮಾನ್ಯವಾಗಿ ಯಾರಿಗೂ ಕಾಣುವುದಿಲ್ಲ. ಅದನ್ನು ತೆರೆಯಲು ಹೊರಟಾಗ ಪ್ರಮೋದ ನನ್ನ ಕೈ ಹಿಡಿದ.

"ಅಷ್ಟು ಆಳಕ್ಕ ಯಾಕ ಹೋಗ್ತಿ? ಫರ್ಮ್‌ವೇರಿನ್ಯಾಗ ಎನ್‌ರೋಲ್ ಇಮೇಜ್ ಅಂತ ಒಂದು ಆಪ್ಶನ್ ಇರ್ತದಲ್ಲ, ಅದರಾಗ ಆ ಫೈಲ್ ಸೇರಿಸಿಬಿಡು. ಮುಂದ ತಡಿಯಂಗಿಲ್ಲ ಅದು."

ನಾನು ಅವನ ಮುಖ ನೋಡಿದೆ. ಸಹಿ ಇಲ್ಲದ ಫೈಲನ್ನೂ 'ಇದು ನಮ್ಮದೇ, ಬಿಡು' ಎಂದು ಫರ್ಮ್‌ವೇರಿಗೆ ಒಪ್ಪಿಸುವ ಆ ಆಯ್ಕೆ ಎಲ್ಲ ಮದರ್‌ಬೋರ್ಡಿನಲ್ಲಿ ಇರುವುದೂ ಇಲ್ಲ. ರಿಪೇರಿ ಮಾಡುವವರಲ್ಲೂ ಬಹಳ ಜನ ಅದನ್ನು ಮುಟ್ಟಿರುವುದಿಲ್ಲ. ನೀಲಿ ಪರದೆ ತಲೆಗೆ ಹೋಗದವನ ಬಾಯಲ್ಲಿ ಅದರ ಹೆಸರು ಸರಾಗವಾಗಿ ಬಂದಿತ್ತು.

"ಯಾವ ಫೈಲು, ಪ್ರಮೋದ? ಫೈಲ್ ಅಂತ ನಾ ಇನ್ನೂ ಹೇಳೇ ಇಲ್ಲ."

ಅವನು ನನ್ನ ಕೈ ಬಿಟ್ಟ. ನಾನು ಆ ಭಾಗ ತೆರೆದೆ. ಅಲ್ಲಿ ಇರಬಾರದ ಒಂದು ಫೋಲ್ಡರು, ಅದರೊಳಗೆ ಇರಬಾರದ ಒಂದು ಫೈಲು. ಬಸವರಾಜ ಕೇಳಿದ ಪ್ರಶ್ನೆಯ ಉತ್ತರ.

ಶಿವಾನಂದ ಕಾಕಾ ಅವರನ್ನು ಕರೆದೆ. ಅವರು ಬಂದು ಪರದೆ ನೋಡಿದರು, ಆಶ್ಚರ್ಯಪಡಲಿಲ್ಲ.

"ಕಾಕಾ, ನಿಮಗ ಗೊತ್ತಿತ್ತೇನ್ರಿ?"

"ಕೇಳಿದ್ರ ಗೊತ್ತಾಗ್ತಿತ್ತವ್ವಾ. ಗೊತ್ತಾದ್ರ ಅವನ್ನ ತಗೀಬೇಕಾಗ್ತಿತ್ತು. ಅದಕ್ಕ ಕೇಳಲಿಲ್ಲ." ಅವರು ಕುರ್ಚಿಯ ಬೆನ್ನು ಹಿಡಿದು ನಿಂತರು. "ಈಗ ಸೈನ್ ಮಾಡಿಬಿಡು. ಬದಲಿ ಹುಡುಗ ಇಲ್ಲ. ಪ್ರಮೋದ ಇಲ್ಲಂದ್ರ ನಾಲ್ಕ ಮಂದಿ, ನಾಲ್ಕ ಮಂದೀನ ಆಡಾಕ ಬಿಡಂಗಿಲ್ಲ. ಆ ಹುಡುಗ್ರ ಮಾರಿ ನೋಡು."

"ಅವರಿಗೂ ಗೊತ್ತೈತೇನ್ರಿ?"

ಇದಕ್ಕೆ ಪ್ರಮೋದನೇ ಉತ್ತರಿಸಿದ. "ಎಲ್ಲಾರಿಗೂ ಗೊತ್ತೈತಿ, ನಿನ್ನೊಬ್ಬಾಕಿನ್ನ ಬಿಟ್ಟು."

"ನನಗ್ಯಾಕ ಹೇಳಲಿಲ್ಲ?"

ಅವನು ನಗಲಿಲ್ಲ, ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ವಿವರಿಸುವವನ ಹಾಗೆ, ಹಳೆಯ ಸ್ನೇಹದಿಂದಲೇ ಹೇಳಿದ. "ಹೇಳಿದ್ರ ನೀ ಅಷ್ಟು ಛಲೋ ವಾದ ಮಾಡ್ತಿದ್ದಿಲ್ಲ, ವಕೀಲಬಾಯಿ. ನಂಬಿದ್ರನ ನಿನ್ನ ದನಿ ಗಟ್ಟಿ ಆಗ್ತದ. ಕಾಲೇಜಿನ್ಯಾಗೂ ಹಂಗ ಇತ್ತಲ್ಲ."

ಕಾಲೇಜಿನಲ್ಲೂ. ಆ ಒಂದು ಶಬ್ದ ನನ್ನ ಕಪಾಟಿನ ಕಪ್ಪುಗಳನ್ನೆಲ್ಲ ಒಂದೇ ಏಟಿಗೆ ಕೆಳಗೆ ಕೆಡವಿತು. ಅವನು ತಂದುಕೊಟ್ಟ ಎಷ್ಟು ಪುರಾವೆಗಳು ಖರೇ ಇದ್ದವು, ಎಷ್ಟು ಅವನೇ ಹುಟ್ಟಿಸಿದವು? ಕೇಳಲಿಲ್ಲ. ಕೇಳಿದರೆ ಅವನು ಹೇಳುತ್ತಿದ್ದ, ನಾನು ಅದನ್ನೂ ನಂಬುತ್ತಿದ್ದೆನೇನೋ.

ನಾನು ಸಹಿ ಹಾಕಲಿಲ್ಲ. ಪ್ರಮೋದನ ಕಂಪ್ಯೂಟರಿನಲ್ಲಿ ಸಹಿಯಿಲ್ಲದ ಬೂಟ್ ಫೈಲು ಇದೆ, ಆದ್ದರಿಂದ ಪ್ರಮಾಣೀಕರಿಸಲಾರೆ ಎಂದು ಸಂಘಟಕರಿಗೆ ತಿಳಿಸಿದೆ. ಸೆಂಟರಿನ ಕಂಪ್ಯೂಟರಿನಲ್ಲೇ ಆಡು ಎಂದು ಕಾಕಾ ಅವನಿಗೆ ಹೇಳುವಷ್ಟರಲ್ಲಿ ಸಂಘಟಕರು ಅವನ ಹೆಸರನ್ನೇ ತೆಗೆದರು. ತಂಡ ಫೈನಲ್ ಆಡಲಿಲ್ಲ. ಆ ನಾಲ್ವರಲ್ಲಿ ಒಬ್ಬನೂ ಪ್ರಮೋದನಿಗೆ ಒಂದು ಮಾತು ಅನ್ನಲಿಲ್ಲ. ನನಗೆ ಮಾತ್ರ ಅಂದರು: "ಅಕ್ಕಾ, ಬಸ್ಯಾನ್ನ ಓಡಿಸಾಕ ನೀನ ಮುಂದ ಇದ್ದಿ. ಈಗ ನಮ್ಮನ್ನ ಮುಳಗಸಾಕೂ ನೀನ ಮುಂದ." ಪ್ರಮೋದ ಗೆಳೆಯರ ಗುಂಪಿನಲ್ಲಿ ನನ್ನ ಮೇಲೇ ಆರೋಪ ಹೊರಿಸಿ ಬರೆದ, ಆ ಕಂಪ್ಯೂಟರು ಜೋಡಿಸಿದ್ದು ನಾನೇ, ಫೈಲು ಹಾಕಿದ್ದೂ ನಾನೇ ಇರಬಹುದು, ಇಲ್ಲವೆಂಬುದಕ್ಕೆ ಪುರಾವೆ ಎಲ್ಲಿ ಎಂದು. ಕಂಪ್ಯೂಟರನ್ನು ನಾನು ಜೋಡಿಸಿಕೊಟ್ಟಿದ್ದು ಖರೇ. ಒಂದು ಖರೇ ಸಂಗತಿಯ ಬೆನ್ನಿಗೆ ಒಂದು ಸುಳ್ಳನ್ನು ಕಟ್ಟುವ ಕಲೆ ಅವನಿಗಿತ್ತು. ಆ ಕೆಲಸವನ್ನು ಇಷ್ಟು ವರ್ಷ ನಾನೇ ಪಕ್ಕದಲ್ಲಿ ನಿಂತು ಮೆಚ್ಚಿದ್ದೆ.

ಆ ತಿಂಗಳ ಕೊನೆಗೆ ಸೆಂಟರ್ ಬಿಟ್ಟೆ. ಈಗ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಯಂತ್ರಗಳನ್ನು ನಡೆಸುವ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಹೊಸ ಕೆಲಸಕ್ಕೆ ಹೋಗುವ ಮೊದಲು ಉಣಕಲ್ಲಿಗೆ ಹೋಗಿ ಬಸವರಾಜನನ್ನು ಕಂಡೆ. ಕೆರೆಯ ಕಟ್ಟೆಯ ಮೇಲೆ ಕೂತು ನಡೆದದ್ದೆಲ್ಲ ಹೇಳಿದೆ. ಅವನು ಹಿಗ್ಗುತ್ತಾನೆ ಅಂದುಕೊಂಡಿದ್ದೆ. ಹಿಗ್ಗಲಿಲ್ಲ.

"ಆವತ್ತ ನೀ ಸುಳ್ಳು ಹೇಳಾಕತ್ತಿದ್ದಿಲ್ಲ ಅಂತ ನನಗ ಗೊತ್ತಿತ್ತಕ್ಕಾ" ಅಂದ. "ಅದಕ್ಕ ಎದ್ದು ಹೋದೆ. ಸುಳ್ಳು ಹೇಳಾವರ ಜೋಡಿ ಜಗಳಾ ತಗೀಬಹುದು. ನಂಬಿ ಮಾತಾಡಾವರ ಜೋಡಿ ಏನ್ ಮಾಡೋದು?"

ಈ ಪ್ರಸಂಗ ನನಗೆ ಕಲಿಸಿದ್ದು ಇದನ್ನೇ. ಎದುರಾಳಿಯನ್ನು ಸಂಶಯಪಡುವುದು ಸಂಶಯವಲ್ಲ, ಅದು ಬರೀ ಅಭ್ಯಾಸ. ಪಾಟೀಸವಾಲು ಶುರುವಾಗಬೇಕಾದ್ದು ನಮ್ಮ ಪಕ್ಕದಲ್ಲಿ ಕೂತವರಿಂದ, ಅದರಲ್ಲೂ ನಮ್ಮನ್ನು ಮೆಚ್ಚುವವರಿಂದ. ಈಗ ಯಾವ ಯಂತ್ರದ ಮೇಲೂ, ಯಾವ ಮನುಷ್ಯನ ಪರವಾಗಿಯೂ ನನ್ನ ಮಾತು ಕೊಡುವ ಮೊದಲು ಈ ನಂಬಿಕೆ ನನ್ನೊಳಗೆ ಯಾರು ಇಟ್ಟದ್ದು ಎಂದು ಕೇಳಿಕೊಳ್ಳುತ್ತೇನೆ. ಪ್ರಮೋದ ನನಗೆ ಮೋಸ ಮಾಡಿದ್ದು ಹಳೆಯದಾಗುತ್ತಿದೆ. ಅವನು ನನ್ನನ್ನು ಅಷ್ಟು ಸರಿಯಾಗಿ ಅಂದಾಜು ಮಾಡಿದ್ದ ಎಂಬುದು ಮಾತ್ರ ಹಳೆಯದಾಗಲು ಒಲ್ಲೆ ಎನ್ನುತ್ತಿದೆ.